ನಾಲ್ಕು ಕಾಲೂ ನೆಲದ ಮೇಲೆ

ಹೊಸದುರ್ಗದ ನಮ್ಮ ಮನೆ ಗೇಟಿಗೆ ಒಂದು ಬೋರ್ಡಿದೆ. 'ನಾಯಿ ಇದೆ ಎಚ್ಚರಿಕೆ'. ಪಕ್ಕದಲ್ಲಿ ಹಲ್ಲು ಕಿರಿದ ಅಲ್ಸೇಷನ್ ಚಿತ್ರ. ನಮ್ಮ ನಾಯಿ ಅಲ್ಸೇಷನ್ ಅಲ್ಲ, ಹಲ್ಲು ಕಿರಿಯೋದೂ ಇಲ್ಲ. ಅಪ್ಪಟ ಬೀದಿ ನಾಯಿ, ಹೆಣ್ಣು, ಬೆಲ್ಲದ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದೆ. ಅದರಿಂದ ಎಚ್ಚರವಾಗಿರಬೇಕಾದ್ದು ಕಚ್ಚುತ್ತೆ ಅಂತ ಅಲ್ಲ, ಪ್ರೀತಿ ಮಾಡುತ್ತೆ ಅಂತ. ಗೇಟು ಕಿರ್ ಅಂದ್ರೆ ಸಾಕು, ಓಡಿ ಬಂದು ಮುಂಗಾಲೆರಡನ್ನೂ ಬಂದವರ ಎದೆಗೆ ಕೊಟ್ಟು ಮುಖ ನೆಕ್ಕೋಕೆ ನೋಡುತ್ತೆ. ಇಸ್ತ್ರಿ ಅಂಗಿ, ಬಿಳಿ ಪಂಚೆ, ಮದುವೆ ಕಾರ್ಡ್ ಕೊಡೋಕೆ ಬಂದವರ ರೇಷ್ಮೆ ಸೀರೆ, ಯಾವುದರಲ್ಲೂ ಭೇದ ಇಲ್ಲ. ಹಾಗಾಗಿ ನಮ್ಮ ಮನೆಗೆ ಬರೋರೆಲ್ಲ ರಸ್ತೆಯಲ್ಲೇ ನಿಂತು "ನಾಯಿ ಕಟ್ಟಿದೀರಾ?" ಅಂತ ಕೂಗಿ, ಉತ್ತರ ಬಂದ ಮೇಲೇ ಗೇಟು ಮುಟ್ಟೋದು.

ಹೆಸರು ಕೋಡಿ. ಹೆಸರಿನ ಕಥೆ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. 2022 ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. ನಮ್ಮ ಜಿಲ್ಲೆಯವರಲ್ಲದವರಿಗೆ ಇದು ಏನು ಮಹಾ ಅನ್ನಿಸಬಹುದು. ಮಾರಿಕಣಿವೆ ಅಂದ್ರೆ ಹಿರಿಯೂರು ಹತ್ತಿರದ ವಾಣಿ ವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ್ದು, 1907 ರಲ್ಲಿ ಮುಗಿದಿದ್ದು. ನೀರು 130 ಅಡಿ ತುಂಬಿದ್ರೆ ಕೋಡಿ. 1933 ರಲ್ಲಿ ಒಂದು ಸಲ ಹರಿದಿದ್ದು, ಆಮೇಲೆ 89 ವರ್ಷ ಇಲ್ಲ! ನಮ್ಮಜ್ಜ "ನಾನು ಕೋಡಿ ನೋಡಿದೋನು" ಅಂತ ಜಂಬ ಕೊಚ್ಚಿಕೊಂಡೇ ಹೋದರು. ಅಪ್ಪನ ಎಪ್ಪತ್ತೊಂದು ವರ್ಷದಲ್ಲಿ ಅದು ಹರಿದೇ ಇರಲಿಲ್ಲ. ಹಾಗಾಗಿ ಸುದ್ದಿ ಬಂದ ವಾರವೇ ನಾನು ಬೆಂಗಳೂರಿಂದ ಬಂದು ಅಪ್ಪನನ್ನೂ ಮೇಷ್ಟ್ರನ್ನೂ ಕಾರಲ್ಲಿ ಕೂರಿಸಿಕೊಂಡು ಹೊರಟೆ. ಅರ್ಧ ಕರ್ನಾಟಕ ಅಲ್ಲಿತ್ತು. ಕಾರು ಎಲ್ಲೋ ದೂರ ನಿಲ್ಲಿಸಿ ನಡೆದೆವು. ವಾಪಸ್ ಬರುವಾಗ ಕಡ್ಲೆಕಾಯಿ ಗಾಡಿ ಕೆಳಗೆ ಮಳೆಯಲ್ಲಿ ತೊಯ್ದು ಕುಂಯ್‌ಗುಡ್ತಾ ಇದ್ದ ಮರಿಯನ್ನು ಮೇಷ್ಟ್ರು ತಮ್ಮ ಟವೆಲ್ಲಲ್ಲಿ ಸುತ್ತಿ ಎತ್ತಿಕೊಂಡರು. "ಕೋಡಿ ದಿನ ಸಿಕ್ಕಿದೆ, ಕೋಡಿ ಅಂತಲೇ ಇರಲಿ" ಅಂದರು. ಮೇಷ್ಟ್ರ ಮನೆಯಲ್ಲಿ ಸೊಸೆಗೆ ನಾಯಿ ಆಗಲ್ಲ, ಆದ್ದರಿಂದ ಮರಿ ನಮ್ಮ ಮನೆಗೆ ಬಂತು.

ಮೇಷ್ಟ್ರು ಅಂದ್ರೆ ನಮ್ಮ ನೆಂಟರಲ್ಲ. ಹೈಸ್ಕೂಲಲ್ಲಿ ನನಗೆ ಸಮಾಜ ಪಾಠ ಮಾಡಿದವರು, ಅಪ್ಪನಿಗಿಂತ ಮೂರು ವರ್ಷ ದೊಡ್ಡವರು. 2021 ರಲ್ಲಿ ಅಮ್ಮ ಹೋದ ಮೇಲೆ ದಿನಾ ಸಂಜೆ ಐದೂವರೆಗೆ ಅವರು ನಮ್ಮ ಜಗಲಿಗೆ ಬರೋದು ಶುರುವಾಯ್ತು. ಒಂದೇ ಪೇಪರನ್ನು ಇಬ್ಬರೂ ಹಾಳೆ ಹಂಚಿಕೊಂಡು ಓದೋರು. ಮಂಡಕ್ಕಿ ಒಗ್ಗರಣೆ, ಟೀ, ಆಮೇಲೆ ಜಗಳ. ಜಗಳ ಅಂದ್ರೆ, ಭದ್ರಾ ನೀರು ನಮ್ಮ ಕಡೆ ಪೂರ್ತಿಯಾಗಿ ಬರೋದನ್ನ ನಾವು ಕಣ್ಣಲ್ಲಿ ನೋಡ್ತೀವಾ ಇಲ್ವಾ ಅನ್ನೋ ತರದ್ದು. ಏಳು ಗಂಟೆಗೆ "ಬರ್ತೀನಿ ಕಣಪ್ಪ" ಅಂತ ಎದ್ದು ಹೋಗೋರು. ನಾನು ಬೆಂಗಳೂರಲ್ಲಿ ಕೂತು ಅಪ್ಪನ ಬಗ್ಗೆ ಧೈರ್ಯವಾಗಿದ್ದೆ ಅಂದ್ರೆ ಆ ಒಂದೂವರೆ ಗಂಟೆಯ ದೆಸೆಯಿಂದ.

2024 ರ ಜುಲೈಯಲ್ಲಿ ಕೋಡಿ ಮೇಷ್ಟ್ರನ್ನು ಬೀಳಿಸಿತು.

ತನ್ನನ್ನು ಎತ್ತಿಕೊಂಡು ಬಂದವರು ಅಂತ ಅದಕ್ಕೆ ನೆನಪಿತ್ತೋ ಏನೋ, ಮೇಷ್ಟ್ರು ಬಂದ್ರೆ ಎಲ್ಲರಿಗಿಂತ ಒಂದು ಅಡಿ ಎತ್ತರ ಹಾರೋದು. ಮರಿಯಾಗಿದ್ದಾಗ ನಾವೆಲ್ಲ ನಕ್ಕು ಎತ್ತಿಕೊಂಡು ಮುದ್ದು ಮಾಡಿದ್ದು ಅದೇ ಹಾರಾಟಕ್ಕೆ. ಆರು ಕೇಜಿ ಮರಿ ಹಾರಿದ್ರೆ ಮುದ್ದು, ಹದಿನೆಂಟು ಕೇಜಿ ನಾಯಿ ಹಾರಿದ್ರೆ ಅಪಘಾತ. ನಾಯಿಗೆ ಈ ವ್ಯತ್ಯಾಸ ಯಾರು ಹೇಳಬೇಕಿತ್ತು? ಅವತ್ತು ಮಳೆ ಬಂದು ಮೆಟ್ಟಿಲು ಜಾರ್ತಾ ಇತ್ತು, ಕೈಯಲ್ಲಿ ಛತ್ರಿ. ಹಿಂದಕ್ಕೆ ಬಿದ್ದರು. ಬಲಗೈ ಮಣಿಕಟ್ಟು ಮುರೀತು, ಮುಂಗೈ ಮೇಲೆ ಉಗುರು ಗೀರಿತ್ತು. (ಪ್ರಸಂಗ ಬಂದಿದ್ದಕ್ಕೆ ಹೇಳ್ತೀನಿ, ಸಾಕಿದ ನಾಯಿ ಆದ್ರೂ ಉಗುರು ಗೀರಿದ್ರೆ ಸೋಪು ಹಚ್ಚಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ನಾವೂ ಹೋದೆವು.) ಆರು ವಾರ ಪ್ಲಾಸ್ಟರ್. ಕೇಳಿದವರಿಗೆಲ್ಲ ಮೇಷ್ಟ್ರು "ಮೆಟ್ಟಿಲು ಜಾರಿತು" ಅಂತಲೇ ಹೇಳಿದರು, ನಾಯಿ ಹೆಸರು ಎತ್ತಲಿಲ್ಲ.

ಪ್ಲಾಸ್ಟರ್ ಬಿಚ್ಚಿದರು. ಮೇಷ್ಟ್ರು ಬರಲಿಲ್ಲ. ಅಪ್ಪ ಫೋನ್ ಮಾಡಿದ್ರೆ "ಮೊಣಕಾಲು ಸ್ವಲ್ಪ..." ಅಂತ ಏನೋ. ಅಪ್ಪ ಮತ್ತೆ ಕರೆಯಲಿಲ್ಲ, ಅವರೂ ಬರಲಿಲ್ಲ. ನಮ್ಮ ಕಡೆ ಗಂಡಸರ ಸ್ನೇಹ ಹೀಗೇ ಮುಗಿಯೋದು, ಒಂದು ಮಾತೂ ಕೆಡದೆ.

ನಾನು ಆಗಸ್ಟ್ ಕೊನೆಗೆ ಊರಿಗೆ ಬಂದಾಗ ಐದೂವರೆಗೆ ಟಿವಿ ಓಡ್ತಾ ಇತ್ತು. ಇಡೀ ಪೇಪರು ಅಪ್ಪನ ಮಡಿಲಲ್ಲೇ ಇತ್ತು. ಎರಡು ದಿನ ನೋಡಿದೆ. ಮೂರನೇ ದಿನ ಅಪ್ಪನೇ ಹೇಳಿದರು, "ಹೊಳಲ್ಕೆರೆ ಅತ್ತೆ ತೋಟಕ್ಕೆ ಇವಳನ್ನ ಬಿಟ್ಟು ಬರೋಣ ಕಣೇ. ಅಡಿಕೆ ತೋಟ, ವಿಶಾಲವಾಗಿದೆ, ಓಡಾಡಿಕೊಂಡು ಇರ್ತಾಳೆ." ಹೇಳಿದ್ದು ನನಗೆ, ನೋಡ್ತಾ ಇದ್ದಿದ್ದು ಗೋಡೆ. ಕೋಡಿ ಅವರ ಕಾಲ ಮೇಲೆ ಗದ್ದ ಇಟ್ಟು ಮಲಗಿತ್ತು.

"ದೀಪಾವಳಿ ತನಕ ಟೈಮ್ ಕೊಡಪ್ಪ, ಕಲಿಸ್ತೀನಿ" ಅಂದೆ. ನನಗೆ ನಾಯಿ ಕಲಿಸೋದು ಗೊತ್ತಿತ್ತಾ? ಖಂಡಿತ ಇಲ್ಲ. ಆಫೀಸಿನಲ್ಲಿ ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಹೇಳಿ ಊರಲ್ಲೇ ಉಳಿದೆ.

ಊರಲ್ಲಿ ಕೇಳಿದ್ರೆ ಎಲ್ಲರ ಹತ್ತಿರವೂ ಒಂದೊಂದು ಮದ್ದು. "ಹಾರಿದಾಗ ಎದೆಗೆ ಮಂಡಿ ಕೊಡಿ." "ಮುಂಗಾಲು ಹಿಡಿದು ಹಿಸುಕಿ." "ಹಿಂಗಾಲು ತುಳೀರಿ." "ಪೇಪರು ಸುತ್ತಿ ಮೂತಿಗೆ ಬಾರಿಸಿ." ಹೊಡೆಯೋ ಮಾತಿಗೆ ಅಪ್ಪ ಒಪ್ಪೋದೇ ಇಲ್ಲ. ನಮ್ಮದು ಮೈಲಾರಲಿಂಗನ ಒಕ್ಕಲು. ನಾಯಿ ಅಂದ್ರೆ ದೇವರ ಪರಿವಾರ. ಗೊರವಯ್ಯಗಳೇ ದೋಣಿ ಸೇವೆಯಲ್ಲಿ ತಾವು ಮೈಲಾರನ ನಾಯಿಗಳು ಅಂತ ಬೊಗಳಿ, ಬಾಯಿ ಹಾಕಿ ಪ್ರಸಾದ ತಿನ್ನೋದನ್ನ ನೋಡಿ ಬೆಳೆದವರು ನಾವು.

ಕೋಡಿಗೆ ಲಸಿಕೆ ಹಾಕಿಸೋಕೆ ಚಿತ್ರದುರ್ಗಕ್ಕೆ ಹೋದಾಗ ಅಲ್ಲಿಯ ಪಶುವೈದ್ಯರೊಬ್ಬರನ್ನು ಕೇಳಿದೆ. ಅವರೂ ಹೊಡೆಯಬೇಡಿ ಅಂದರು, ಆದರೆ ಕಾರಣ ಬೇರೆ. ಮರಿಗಳು ಅಮ್ಮನನ್ನೋ ದೊಡ್ಡ ನಾಯಿಯನ್ನೋ ಕಂಡಾಗ ಬಾಯಿಯ ಅಂಚು ನೆಕ್ಕುತ್ತವೆ, ಅದು ಅವುಗಳ ನಮಸ್ಕಾರ. ನಮ್ಮ ಬಾಯಿ ಇರೋದು ಐದಡಿ ಮೇಲೆ, ಹಾಗಾಗಿ ಹಾರುತ್ತವೆ. ನಮಸ್ಕಾರ ಮಾಡಿದ್ದಕ್ಕೆ ಒದ್ದರೆ ಅದು ಕಲಿಯೋದು 'ಹಾರಬಾರದು' ಅಂತಲ್ಲ, 'ಮನೆಗೆ ಜನ ಬಂದ್ರೆ ನನಗೆ ನೋವಾಗುತ್ತೆ' ಅಂತ. ಆಮೇಲೆ ನಿಮ್ಮ ಬೋರ್ಡಲ್ಲಿರೋ ಹಲ್ಲು ಕಿರಿಯೋ ನಾಯಿ ನಿಜವಾಗಿ ತಯಾರಾಗುತ್ತೆ, ಅಂದರು.

ಇನ್ನೊಂದು ಮಾತು ಹೇಳಿದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. "ನೀವು ತಳ್ಳೋದು, ಬೈಯೋದು, 'ಏಯ್ ಇಳಿ' ಅಂತ ಕಿರುಚೋದು, ಎಲ್ಲ ಅದಕ್ಕೆ ಬಹುಮಾನಾನೇ ಮೇಡಂ. ಅದಕ್ಕೆ ಬೇಕಿರೋದು ನೀವು ಅದರ ಕಡೆ ತಿರುಗೋದು. ಹಾರಬೇಡ ಅಂತ ನಾಯಿಗೆ ಅರ್ಥ ಮಾಡಿಸೋಕೆ ಕಷ್ಟ. ಹಾರೋ ಬದಲು ಏನು ಮಾಡಬೇಕು ಅಂತ ಹೇಳಿಕೊಡಿ."

ವಾಪಸ್ ಬರುವಾಗ ಕೋಟೆ ಕಡೆ ನೋಡ್ತಾ ಒಂದು ಯೋಚನೆ ಬಂತು. ಏಳು ಸುತ್ತಿನ ಕೋಟೆಯಲ್ಲಿ ಬಾಗಿಲಿಂದ ಬಾಗಿಲಿಗೆ ನೇರ ದಾರಿಯೇ ಇಲ್ಲ, ತಿರುಗಿ ತಿರುಗಿ ಹೋಗಬೇಕು. ನೇರ ಇದ್ರೆ ಆನೆ ಓಡಿ ಬಂದು ಬಾಗಿಲು ಮುರಿಯುತ್ತೆ. ನಮ್ಮ ಗೇಟಿಂದ ಜಗಲಿಗೆ ಹದಿನೈದು ಹೆಜ್ಜೆ ನೇರ ಸಿಮೆಂಟು ದಾರಿ. ಕೋಡಿಗೆ ರನ್‌ವೇ ಕಟ್ಟಿಕೊಟ್ಟಿದ್ದು ನಾವೇ. ಮನೆಗೆ ಬಂದವಳೇ ಜಗಲಿ ಕಂಬಕ್ಕೆ ಒಂದು ಕೊಂಡಿ ಹೊಡೆಸಿದೆ, ನಾಲ್ಕಡಿ ಹಗ್ಗ ತಂದೆ. ಮೊದಲ ಕೆಲಸ ಓಟ ನಿಲ್ಲಿಸೋದು.

ಪಾಠ ಕೇಳೋಕೆ ಸುಲಭ. ಕೋಡಿ ಕಂಬದ ಹತ್ತಿರ ಹಗ್ಗದಲ್ಲಿರುತ್ತೆ. ಒಬ್ಬರು ಗೇಟಿಂದ ನಡೆದು ಬರಬೇಕು. ಮುಂಗಾಲು ಎದ್ದ ತಕ್ಷಣ ಬಂದವರು ಅಲ್ಲೇ ನಿಂತು, ಬೆನ್ನು ತಿರುಗಿಸಿ, ಎರಡು ಹೆಜ್ಜೆ ಹಿಂದೆ ಹೋಗಬೇಕು. ಮಾತಿಲ್ಲ, ಬೈಗುಳ ಇಲ್ಲ, ನಗೂ ಇಲ್ಲ. ನಾಲ್ಕು ಕಾಲೂ ನೆಲದ ಮೇಲಿದ್ದರೆ ಮತ್ತೆ ಮುಂದೆ. ಹತ್ತಿರ ಬಂದಾಗಲೂ ಕೆಳಗೇ ಇದ್ದರೆ ಬೇಯಿಸಿದ ಕೋಳಿ ಚೂರನ್ನೋ ಮುದ್ದೆ ತುಣುಕನ್ನೋ ನೆಲಕ್ಕೆ ಹಾಕೋದು. ಕೈ ಎತ್ತಿ ಕೊಡಬಾರದು. ಕೈ ಮೇಲೆ ಹೋದ್ರೆ ನಾಯೀನೂ ಮೇಲೆ ಹೋಗುತ್ತೆ. ಅದು ನೆಲ ನೋಡೋದು ಕಲಿತ ಮೇಲೆ 'ಕೂತ್ಕೋ' ಸೇರಿಸೋದು. ಕೂತ ನಾಯಿ ಹಾರೋಕೆ ಆಗಲ್ಲ, ಇಷ್ಟೇ ಲೆಕ್ಕ.

ಬರೋರು ಯಾರು? ಹಾಲಿನ ಹುಡುಗನನ್ನು ಒಪ್ಪಿಸಿದೆ. ಬೆಳಿಗ್ಗೆ ಒಂದು ಸಲ ಬರಬೇಕಾದವನು ಆರು ಸಲ ಬಂದು ಹೋಗಬೇಕು, ಪ್ರತಿಫಲ ಟೀ ಮತ್ತು ಬನ್ನು. ಬೀದಿಯವರು "ಏನೋ, ಇವರ ಮನೇಲಿ ಅಷ್ಟೊಂದು ಹಾಲು ತಗೋತಾರಾ?" ಅಂತ ಕೇಳಿದರಂತೆ. ಮೊದಲ ಸುತ್ತಲ್ಲಿ ಹುಚ್ಚು ಕುಣಿತ, ಐದನೇ ಸುತ್ತಿಗೆ ಬೇಜಾರು. ಆ ಬೇಜಾರೇ ನಮಗೆ ಬೇಕಾಗಿರೋದು. ಹಾಲಿನ ಹುಡುಗ ಅಂದ್ರೆ ಹಬ್ಬ ಅಲ್ಲ, ಅವನು ಬರ್ತಾನೆ ಹೋಗ್ತಾನೆ ಅಂತ ಅದಕ್ಕೆ ಅನ್ನಿಸಬೇಕು.

ನಾಲ್ಕು ದಿನ ಚೆನ್ನಾಗಿ ನಡೀತು. ಐದನೇ ದಿನದಿಂದ ಕೋಡಿ ಮೊದಲಿಗಿಂತ ಜೋರಾಗಿ ಹಾರೋಕೆ ಶುರು ಮಾಡಿತು! ಅಷ್ಟೇ ಅಲ್ಲ, ಬೊಗಳೋದು, ದುಪಟ್ಟಾ ಎಳೆಯೋದು ಬೇರೆ. ನನಗೆ ಅಳುವೇ ಬಂತು. ಚಿತ್ರದುರ್ಗಕ್ಕೆ ಫೋನ್ ಮಾಡಿದ್ರೆ ಡಾಕ್ಟರು ನಕ್ಕರು. ಲಿಫ್ಟ್ ಬರದಿದ್ರೆ ನೀವು ಬಟನ್ ಒಂದೇ ಸಲ ಒತ್ತಿ ಸುಮ್ಮನಾಗ್ತೀರಾ, ಹತ್ತು ಸಲ ಜೋರಾಗಿ ಒತ್ತಲ್ವಾ, ಅದೂ ಅದನ್ನೇ ಮಾಡ್ತಿದೆ, ಈಗ ಸೋತ್ರೆ ಮುಗೀತು, ಅಂದರು. ಜನ ಸೋಲೋದು ಇಲ್ಲೇ ಅಂತ ಈಗ ನನಗನ್ನಿಸುತ್ತೆ. ಹತ್ತರಲ್ಲಿ ಒಂದು ಸಲ ಮುದ್ದು ಸಿಕ್ಕಿದ್ರೂ ನಾಯಿ ಒಂಬತ್ತು ಸಲದ ನಿರಾಸೆ ಮರೆಯುತ್ತೆ. ಇಸ್ಪೀಟಾಡೋರು ಎದ್ದು ಬರ್ತಾರಾ ಹೇಳಿ? ಒಂದು ಸಲ ಗೆದ್ದಿರ್ತಾರಲ್ಲ.

ಆದ್ರೆ ಎರಡನೇ ವಾರ ಕಳೆದ್ರೂ ಜೋರು ಕಮ್ಮಿಯಾಗಲಿಲ್ಲ. ಹಾಲಿನ ಹುಡುಗನ ಹತ್ತಿರ ಸರಿ, ನನ್ನ ಹತ್ತಿರ ಸರಿ, ಉಳಿದವರ ಹತ್ತಿರ ಅದೇ ಹಾರಾಟ. ಎಲ್ಲೋ ಒಂದು ಕಡೆ ಸೋರ್ತಾ ಇದೆ ಅನ್ನಿಸ್ತು. ಒಂದು ಬೆಳಿಗ್ಗೆ ಮೀಟಿಂಗ್ ರದ್ದಾಗಿ ಹಿತ್ತಿಲ ಕಡೆ ಹೋದೆ. ವಾಕಿಂಗ್ ಮುಗಿಸಿ ಬಂದ ಅಪ್ಪ ಹಿಂದಿನ ಬಾಗಿಲಲ್ಲಿ ನಿಂತಿದ್ದಾರೆ, ಕೋಡಿ ಎರಡು ಕಾಲ ಮೇಲೆ ನಿಂತು ಅವರ ಭುಜಕ್ಕೆ ಕೈ ಹಾಕಿದೆ (ಮುಂಗಾಲು ಅನ್ನೋಕೆ ಮನಸ್ಸು ಬರ್ತಿಲ್ಲ), ಅಪ್ಪ ಅದರ ಬೆನ್ನು ತಟ್ಟುತ್ತಾ "ಬಂದೆ ಬಂದೆ, ಎಲ್ಲಿ ಹೋಗ್ತೀನಿ" ಅಂತಿದ್ದಾರೆ.

ನಾನು ಸಿಟ್ಟಲ್ಲಿ ಕೂಗಿದೆ. "ಅಪ್ಪಾ, ಮೂರು ವಾರದಿಂದ ಕತ್ತೆ ತರ ದುಡೀತಿದೀನಿ!"

ಅಪ್ಪ ನಿಧಾನಕ್ಕೆ ಅದನ್ನು ಇಳಿಸಿದರು. ತಲೆ ತಗ್ಗಿಸಿ ಚಪ್ಪಲಿ ಬಿಡ್ತಾ ಹೇಳಿದರು, "ನಿಮ್ಮಮ್ಮ ಹೋದ ಮೇಲೆ, ನಾನು ಮನೆಗೆ ಬಂದ್ರೆ ಎದ್ದು ಬರೋದು ಇವಳೊಬ್ಬಳೇ ಕಣೇ."

ನನಗೆ ಆ ಕ್ಷಣಕ್ಕೆ ಏನೂ ತೋಚಲಿಲ್ಲ. ಅಮ್ಮ ಹಾಗೇ ಇದ್ದಳು. ಅಪ್ಪನ ಸ್ಕೂಟರ್ ಸದ್ದಿಗೆ ಒಲೆ ಸಣ್ಣ ಮಾಡಿ ಬಾಗಿಲಿಗೆ ಬರೋಳು. ಮಾತಾಡ್ತಾ ಇರಲಿಲ್ಲ, ಸುಮ್ಮನೆ ಬಂದು ನಿಲ್ಲೋಳು. ಆ ಮನುಷ್ಯನಿಗೆ ನಾನು, ನಾಯಿ ಓಡಿ ಬಂದಾಗ ಬೆನ್ನು ತಿರುಗಿಸು ಅಂತ ಹೇಳಿಕೊಡ್ತಾ ಇದ್ದೆ.

ಎರಡು ದಿನ ಪಾಠ ನಿಲ್ಲಿಸಿದೆ. ಆಮೇಲೆ ಒಂದು ದಾರಿ ಹೊಳೀತು. ಅಪ್ಪ ಬೆನ್ನು ತಿರುಗಿಸೋದು ಬೇಡ. ಹಿತ್ತಿಲ ಬಾಗಿಲ ಹತ್ತಿರ ಬಟ್ಟೆ ಒಗೆಯೋ ಕಲ್ಲಿದೆ. ಬಂದವರೇ ನಿಂತು ಮುದ್ದು ಮಾಡೋ ಬದಲು ಮೊದಲು ಆ ಕಲ್ಲಿನ ಮೇಲೆ ಕೂತುಬಿಡಬೇಕು. ಅವರ ಮುಖವೇ ಕೆಳಗೆ ಬಂದ ಮೇಲೆ ಅದಕ್ಕೆ ಹಾರೋ ಅಗತ್ಯ ಏನಿದೆ? ತಲೆಯನ್ನು ತೊಡೆ ಮೇಲಿಟ್ಟರೆ ಆಯ್ತು. ಅಪ್ಪನಿಗೂ ಮಂಡಿ ನೋವು, ಕೂರೋದು ಹಿತವೇ. ಇದು ಒಂದು ವಾರದಲ್ಲಿ ಕೂಡಿ ಬಂತು. ಈಗ ಅಪ್ಪ ವಾಕಿಂಗಿಂದ ಬರೋ ಹೊತ್ತಿಗೆ ಕೋಡಿ ಮೊದಲೇ ಹೋಗಿ ಆ ಕಲ್ಲಿನ ಪಕ್ಕ ಕಾಯುತ್ತೆ. ಸೋರೋದು ನಿಂತಿತು. ಉಳಿದ ಪಾಠವೂ ಸರಸರ ಮುಂದೆ ಹೋಯ್ತು.

ಹಾಗಂತ ಎಲ್ಲ ಸುಸೂತ್ರ ಅಂತೇನಿಲ್ಲ. ದಸರೆ ಹೊತ್ತಿಗೆ ಒಬ್ಬ ಗೊರವಯ್ಯ ಬಂದ. ಕರಡಿ ಕೂದಲ ಟೋಪಿ, ಹೆಗಲಿಗೆ ಕಂಬಳಿ, ಕೈಯಲ್ಲಿ ಡಮರು. ನನ್ನ ಪಾಠದಲ್ಲಿ ಡಮರು ಇರಲಿಲ್ಲ. ಕೋಡಿ ಕೂತಿತು, ಎದ್ದಿತು, ಕೂತಿತು, ಕೊನೆಗೆ ತಡೆಯಲಾರದೆ ಹಗ್ಗದ ತುದಿ ತನಕ ಹಾರಿತು. ಗೊರವಯ್ಯ ಹೆದರಲೂ ಇಲ್ಲ, ಹಿಂದೆಯೂ ಸರಿಯಲಿಲ್ಲ. ಭಂಡಾರ ತೆಗೆದು ಅದರ ಹಣೆಗೆ ಹಚ್ಚಿ ಹೋದ. ನನ್ನ ಎರಡು ದಿನದ ಪಾಠ ಹಾಳು. ಆದ್ರೆ ಅವನಿಗೆ ಹೇಳೋಕಾಗುತ್ತಾ, ಬೆನ್ನು ತಿರುಗಿಸಿ ನಿಲ್ಲಪ್ಪ ಅಂತ?

ಇನ್ನೊಂದು, ಪಾಠಕ್ಕೆ ಮಂಡಕ್ಕಿ ಒಗ್ಗರಣೆ ಕೊಡಬೇಡಿ. ಈರುಳ್ಳಿ ನಾಯಿಗೆ ವಿಷ, ರಕ್ತ ಕೆಡಿಸುತ್ತೆ. ದ್ರಾಕ್ಷಿ, ಚಾಕೊಲೇಟೂ ಹಾಗೇ. ನಾವು ಎರಡು ವರ್ಷ ಗೊತ್ತಿಲ್ಲದೆ ಮಂಡಕ್ಕಿ ಹಾಕಿದ್ದೆವು, ಏನೂ ಆಗದಿದ್ದಿದ್ದು ನಮ್ಮ ಪುಣ್ಯ.

ಅಕ್ಟೋಬರ್ ಮೂರನೇ ವಾರ ಮೇಷ್ಟ್ರ ಮನೆಗೆ ಹೋದೆ. ಸೊಸೆ ಕಾಫಿ ಕೊಟ್ಟಳು. ಮೇಷ್ಟ್ರ ಕೈ ಸಣ್ಣಗಾಗಿತ್ತು, ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದರು. ನಾನು ಸುತ್ತಿ ಬಳಸಿ ಮಾತಾಡ್ತಾ ಹೈಸ್ಕೂಲಲ್ಲಿ ಅವರು ಮಾಡಿದ್ದ ಆತಕೂರು ಶಾಸನದ ಪಾಠ ನೆನಪಿಸಿದೆ. ತಕ್ಕೋಲದ ಯುದ್ಧ ಆದ ಮೇಲೆ, ಹತ್ತನೇ ಶತಮಾನದಲ್ಲಿ, ದೊರೆ ಮೆಚ್ಚಿ ಏನು ಬೇಕೋ ಕೇಳು ಅಂದಾಗ ಮಣಲೇರ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಆ ಕಾಳಿ ಹಂದಿಯ ಜೊತೆ ಹೋರಾಡಿ ಎರಡೂ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿದ. ಮಂಡ್ಯ ಜಿಲ್ಲೆಯ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದೆ. ಮೇಷ್ಟ್ರು ಕಣ್ಣು ಸಣ್ಣ ಮಾಡಿ ಕೇಳಿದರು, "ಶಾಸನದಲ್ಲಿ ಹಂದಿ ವಿಷಯ ಇದೆ. ಮನೆಗೆ ಬಂದೋರ ಮೇಲೆ ಹಾರ್ತಿತ್ತಾ ಅನ್ನೋದು ಬರೆದಿಲ್ಲ ಅಲ್ವೇನಮ್ಮ?"

ಸಿಕ್ಕಿಹಾಕಿಕೊಂಡೆ. ಇದ್ದಿದ್ದು ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಲೋಟ ನೋಡ್ತಾ ಕೂತು, "ನಾಯಿ ಮೇಲೆ ನನಗೇನೂ ಇಲ್ಲಮ್ಮ. ಮತ್ತೆ ಬೀಳ್ತೀನಿ ಅಂತ ಭಯ ಅಷ್ಟೇ. ಈ ವಯಸ್ಸಲ್ಲಿ ಭಯ ಅಂತ ಹೇಳೋಕೆ ನಾಚಿಕೆ" ಅಂದರು.

ಒಳಗೆ ಬರೋದು ಬೇಡ, ಗೇಟಿನ ಆಚೆ ನಿಂತ್ರೆ ಸಾಕು ಅಂತ ಒಪ್ಪಿಸಿದೆ. ಮಾರನೇ ದಿನ ಐದೂವರೆಗೆ ಬಂದರು, ಪೇಪರು ಸಮೇತ. ಗೇಟು ಹಾಕಿತ್ತು. ಕೋಡಿ ಕಂಬದ ಹತ್ತಿರ, ಹಗ್ಗದ ಈ ತುದಿ ನನ್ನ ಕೈಯಲ್ಲಿ. ಮೂರು ತಿಂಗಳಾಗಿತ್ತು ಅವರನ್ನು ನೋಡಿ. ಅದರ ಗಂಟಲಿಂದ ಇದುವರೆಗೂ ಕೇಳದ ಒಂದು ಸಣ್ಣ ಸ್ವರ ಬಂತು. ಮುಂಗಾಲು ಎದ್ದವು, ಮೇಷ್ಟ್ರು ಬೆನ್ನು ತಿರುಗಿಸಿದರು. ನಾನು ಹೇಳಿಕೊಟ್ಟಿದ್ದೆ, ಆದ್ರೂ ಅವರು ತಿರುಗಿದ್ದು ನೋಡಿ ನನಗೇ ಸಂಕಟ ಆಯ್ತು. ಅವರು ಮತ್ತೆ ಈ ಕಡೆ ತಿರುಗಿದಾಗ ಕೋಡಿ ಕೂತಿತ್ತು. ಕೂತಿತ್ತು ಅಂದ್ರೆ, ಹಿಂಭಾಗ ಮಾತ್ರ ನೆಲ ಮುಟ್ಟಿತ್ತು, ಉಳಿದ ಮೈಯೆಲ್ಲ ನಡುಗ್ತಾ ಇತ್ತು. ಬಾಲ ಸಿಮೆಂಟು ನೆಲವನ್ನು ಗುಡಿಸ್ತಾನೇ ಇತ್ತು. ಅವತ್ತು ಅಷ್ಟೇ. ಮೇಷ್ಟ್ರು ಗೇಟಿನ ಮೇಲಿಂದ ಅಪ್ಪನಿಗೆ ಪೇಪರಿನ ಅರ್ಧ ಕೊಟ್ಟು, ಹತ್ತು ನಿಮಿಷ ನಿಂತೇ ಮಾತಾಡಿ ಹೋದರು.

ಎರಡನೇ ದಿನ ಗೇಟು ಅರ್ಧ ತೆಗೆದೆವು. ಮೂರನೇ ದಿನ ಮಳೆ, ಬರಲಿಲ್ಲ. ಅಪ್ಪ ಆರೂವರೆ ತನಕ ಜಗಲಿಯಲ್ಲೇ ಕೂತಿದ್ದರು, ಟಿವಿ ಹಾಕಲಿಲ್ಲ. ನಾಲ್ಕನೇ ದಿನ ಮೇಷ್ಟ್ರು ಒಳಗೆ ಬಂದರು. ಅಪ್ಪ ಮೆಟ್ಟಿಲ ಕೆಳಗೇ ಇಳಿದು ಹೋಗಿ ಅವರ ಎಡಗೈ ಹಿಡಿದುಕೊಂಡರು. ಮಾತಾಡಿಸಲಿಲ್ಲ, ಸುಮ್ಮನೆ ಹೋಗಿ ನಿಂತರು. ಮೇಷ್ಟ್ರು ತರಗತಿಯ ಅದೇ ಗಂಟಲಲ್ಲಿ "ಕೂತ್ಕೋ" ಅಂದರು. ಕೋಡಿ ಕೂತಿತು. ನಾನೂ ಕೂತೆ, ಹಳೇ ಅಭ್ಯಾಸ.

ದೀಪಾವಳಿ ಬಂತು, ಹೋಯಿತು. ಹೊಳಲ್ಕೆರೆ ಮಾತು ಯಾರೂ ಎತ್ತಲಿಲ್ಲ. 2025 ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು, ಇತಿಹಾಸದಲ್ಲಿ ಮೂರನೇ ಸಲ. ಈ ಸಲ ಮೇಷ್ಟ್ರೇ ಫೋನ್ ಮಾಡಿ "ಕಾರು ತಗೊಂಡು ಬಾಮ್ಮ" ಅಂದರು. ಕೋಡಿಯನ್ನು ಆ ಜನಜಂಗುಳಿಗೆ ಕರೆದುಕೊಂಡು ಹೋಗೋ ಧೈರ್ಯ ನನಗಿರಲಿಲ್ಲ. ಮನೆಯಲ್ಲೇ ಬಿಟ್ಟು ಹೋದೆವು. ಇಬ್ಬರು ಮುದುಕರೂ ನೀರು ನೋಡಿದ್ದಕ್ಕಿಂತ, ಮರಿ ಸಿಕ್ಕಿದ್ದು ಯಾವ ಗಾಡಿ ಕೆಳಗೆ ಅಂತ ಜಗಳ ಆಡಿದ್ದೇ ಹೆಚ್ಚು.

ಬೋರ್ಡು ಹಾಗೇ ಇದೆ. ಅದರ ಕೆಳಗೆ ಒಂದು ರಟ್ಟಿನ ಮೇಲೆ ಅಪ್ಪ ತಮ್ಮ ದುಂಡು ಅಕ್ಷರದಲ್ಲಿ 'ದಯವಿಟ್ಟು ಅದು ಕೂರುವ ತನಕ ನಿಲ್ಲಿ' ಅಂತ ಬರೆದು ಕಟ್ಟಿದ್ದಾರೆ. ಕೊರಿಯರ್ ಹುಡುಗರು ಅದನ್ನು ಓದಿ ನಗ್ತಾರೆ, ಆದ್ರೆ ನಿಲ್ತಾರೆ.

ಗ್ಯಾಸ್ ಸಿಲಿಂಡರ್ ತರುವವನ ವಿಷಯದಲ್ಲಿ ಮಾತ್ರ ನಾನು ಇನ್ನೂ ಸೋಲ್ತಾನೇ ಇದೀನಿ. ಸಿಲಿಂಡರ್ ಉರುಳೋ ಸದ್ದಿಗೆ ಕೋಡಿ ಕಲಿತಿದ್ದೆಲ್ಲ ಮರೆತು ಜಗಲಿ ತುಂಬಾ ಕುಣಿಯುತ್ತೆ. ಆ ಮನುಷ್ಯ ಬರೋದು ಎರಡು ತಿಂಗಳಿಗೊಮ್ಮೆ, ಅಭ್ಯಾಸ ಮಾಡಿಸೋದಾದ್ರೂ ಹೇಗೆ? ಖಾಲಿ ಸಿಲಿಂಡರನ್ನು ನಾನೇ ದಿನಾ ಅಂಗಳದಲ್ಲಿ ಉರುಳಿಸಲಾ ಅಂತ ಯೋಚಿಸ್ತಿದೀನಿ. ನಿಮ್ಮಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ಹೇಳಿ. ಬೀದಿಯವರು ಏನಂದುಕೊಂಡರು ಅನ್ನೋದನ್ನೂ ಸೇರಿಸಿ.